ಮೈನಸ್ 80 ಡಿಗ್ರಿಯಲ್ಲಿ ಎರಡು ಮಳೆಗಾಲ: ರೋಗಿಗಳ ಮಾದರಿ ಕಾಪಿಡುವ ಸೇವೆಯೊಂದರ ವಿಮರ್ಶೆ

ಮಡಿಕೇರಿಯ ಆಸ್ಪತ್ರೆಯೊಂದರ ಪ್ರಯೋಗಾಲಯದ ಉಸ್ತುವಾರಿ ನನ್ನದು. ಸಕ್ಕರೆ ಕಾಯಿಲೆ ಇರುವವರ ಮೂತ್ರಪಿಂಡಕ್ಕೆ ತೊಂದರೆ ಶುರುವಾಗುವುದನ್ನು ಈಗಿನ ಪರೀಕ್ಷೆಗಳಿಗಿಂತ ಮೊದಲೇ ತೋರಿಸಿಕೊಡುವ ಬಯೋಮಾರ್ಕರ್‌ಗಳು, ಅಂದರೆ ಜೈವಿಕ ಸೂಚಕಗಳು, ರಕ್ತದಲ್ಲಿ ಅಥವಾ ಮೂತ್ರದಲ್ಲಿ ಸಿಗುತ್ತವೆಯೇ ಎಂದು ಹುಡುಕುವ ಅಧ್ಯಯನವೊಂದಕ್ಕೆ ನಮ್ಮ ಆಸ್ಪತ್ರೆ ಎರಡು ವರ್ಷಗಳಿಂದ ಮಾದರಿಗಳನ್ನು ಸಂಗ್ರಹಿಸಿ ಕೊಡುತ್ತಿದೆ. ಮಾದರಿ ತೆಗೆಯುವ ಕಿಟ್, ನಮ್ಮಲ್ಲೇ ಇಟ್ಟಿರುವ ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್, ಲೆಕ್ಕ ಇಡುವ ಸಾಫ್ಟ್‌ವೇರ್, ತಿಂಗಳಿಗೊಮ್ಮೆ ಡ್ರೈ ಐಸ್‌ನಲ್ಲಿ ಬೆಂಗಳೂರಿಗೆ ಸಾಗಣೆ, ಅಲ್ಲಿ ದೀರ್ಘಕಾಲದ ದಾಸ್ತಾನು ಇವೆಲ್ಲವನ್ನೂ ಒಂದೇ ಖಾಸಗಿ ಸಂಸ್ಥೆ ವಾರ್ಷಿಕ ಒಪ್ಪಂದದ ಮೇಲೆ ನೋಡಿಕೊಳ್ಳುತ್ತದೆ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆದಿಲ್ಲ. ಇಂಥ ಸೇವೆ ಕೊಡುವವರು ಯಾರೇ ಆಗಿರಲಿ, ಗುಡ್ಡಗಾಡಿನ ಒಂದು ಆಸ್ಪತ್ರೆ ಅವರ ಕಾಗದಕ್ಕೆ ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ ಆಗಿರುವುದರಿಂದ, ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ನನ್ನಂತೆ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಂಪನ್ನು ಕಾಯುವ ಕೆಲಸವನ್ನು ಈ ಸಂಸ್ಥೆ ಚೆನ್ನಾಗಿ ಮಾಡುತ್ತದೆ. ಮಾದರಿಯ ಜೊತೆ ಹೋಗಬೇಕಾದ ವಿವರವನ್ನು ಕಾಯುವುದರಲ್ಲಿ, ಆ ಮಾದರಿಯನ್ನು ಕೊಟ್ಟ ಮನುಷ್ಯನಿಗೆ ಉತ್ತರ ಹೇಳುವುದರಲ್ಲಿ ಬಹಳ ಹಿಂದೆ ಬಿದ್ದಿದೆ.

ಮಾದರಿ ಎಂದರೆ ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ ಇಟ್ಟ ಹಾಗೆಯೇ ಇರುವ ವಸ್ತುವಲ್ಲ. ರಕ್ತ ಕೊಳವೆಗೆ ಇಳಿದ ಮೇಲೂ ಅದರ ಕಣಗಳು ಬದುಕಿರುತ್ತವೆ. ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಬೇರ್ಪಡಿಸದೆ ಹಾಗೇ ಬಿಟ್ಟರೆ ಅದರಲ್ಲಿನ ಗ್ಲೂಕೋಸ್ ಗಂಟೆಗೆ ಶೇಕಡಾ 5ರಿಂದ 7ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಕೆಂಪು ಕಣಗಳು ಒಡೆದರೆ ಪೊಟ್ಯಾಸಿಯಂ ಏರುತ್ತದೆ. ನಮ್ಮ ಅಧ್ಯಯನದಲ್ಲಿರುವ ಎನ್‌ಗಾಲ್ ಎಂಬ ಪ್ರೋಟೀನ್ ಮೂತ್ರಪಿಂಡಕ್ಕೆ ಪೆಟ್ಟಾದಾಗ ಹೆಚ್ಚುತ್ತದೆ ನಿಜ, ಆದರೆ ಅದು ಬಿಳಿ ರಕ್ತಕಣಗಳಲ್ಲೂ ಇರುವುದರಿಂದ ರಕ್ತವನ್ನು ತಡವಾಗಿ ಬೇರ್ಪಡಿಸಿದರೆ ಆ ಕಣಗಳಿಂದಲೂ ಸೋರಿ ಪ್ಲಾಸ್ಮಾಕ್ಕೆ ಸೇರುತ್ತದೆ. ಗೋಣಿಕೊಪ್ಪಲಿನ ಶಿಬಿರದಲ್ಲಿ ತೆಗೆದ ರಕ್ತ ಮಡಿಕೇರಿಗೆ ಬರಲು ಒಂದೂವರೆ ಗಂಟೆ ಬೇಕು, ಮಳೆಯಿದ್ದರೆ ಇನ್ನೂ ಹೆಚ್ಚು. ಹತ್ತು ವರ್ಷಗಳ ನಂತರ ಯಾರೋ ಸಂಶೋಧಕರು ಆ ಕೊಳವೆಯನ್ನು ತೆಗೆದು, ಗೋಣಿಕೊಪ್ಪಲಿನವರಲ್ಲಿ ಈ ಪ್ರೋಟೀನ್ ಹೆಚ್ಚಿದೆ ಎಂದು ಕಂಡುಕೊಂಡರೆ, ಹೆಚ್ಚಿದ್ದು ಕಾಯಿಲೆಯಿಂದಲೋ ರಸ್ತೆಯಲ್ಲಿ ಕಳೆದ ಹೊತ್ತಿನಿಂದಲೋ ಎಂದು ಹೇಳಲು ಅವರ ಕೈಯಲ್ಲಿ ಇರಬೇಕಾದದ್ದು ನಾವು ಬರೆದಿಟ್ಟ ಸಮಯ ಮಾತ್ರ. ಆದ್ದರಿಂದಲೇ ನಾನು ಈ ಸೇವೆಯನ್ನು ಫ್ರೀಜರ್‌ನ ಡಿಗ್ರಿಯೊಂದರಿಂದಲೇ ಅಳೆಯಲು ಒಪ್ಪುವುದಿಲ್ಲ.

ಕಿಟ್‌ನ ವಿಷಯದಲ್ಲಿ ದೂರುವಂಥದ್ದು ಹೆಚ್ಚೇನೂ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಕೊಳವೆ, ಸೀರಮ್‌ಗೆ ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರಾಗುವ ತಿಳಿ ದ್ರವಕ್ಕೆ ಕೆಂಪು ಮುಚ್ಚಳದ್ದು, ಮೂತ್ರಕ್ಕೆ ಅಗಲ ಬಾಯಿಯ ಡಬ್ಬಿ, 2 ಮಿಲಿಲೀಟರ್‌ನ ತಿರುಪು ಮುಚ್ಚಳದ, ಅತಿ ಶೀತ ತಾಳುವ ಕ್ರಯೋ ಕೊಳವೆಗಳು ಎಲ್ಲವೂ ಒಂದೇ ಚೀಲದಲ್ಲಿ, ಒಂದೇ ದಾನಿಯ ಸಂಕೇತದೊಂದಿಗೆ ಬರುತ್ತವೆ. ಒಂದೊಂದು ಕೊಳವೆಗೂ ಅರ್ಧ ಮಿಲಿಲೀಟರ್ ಮಾತ್ರ ತುಂಬಬೇಕೆಂದು ಅವರು ತರಬೇತಿಯಲ್ಲಿ ಒತ್ತಿ ಹೇಳಿದರು. ಹೆಪ್ಪುಗಟ್ಟುವಾಗ ನೀರು ಹಿಗ್ಗುವುದರಿಂದ ಜಾಗ ಬಿಡಬೇಕು ಎನ್ನುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು, ಒಮ್ಮೆ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ಮಾದರಿಯಲ್ಲಿ ಅನೇಕ ಪ್ರೋಟೀನ್‌ಗಳು ಕೆಡುತ್ತವೆ. ಸಣ್ಣ ಸಣ್ಣ ಪಾಲುಗಳಾಗಿ ಇಟ್ಟರೆ ಒಂದು ಪರೀಕ್ಷೆಗೆ ಒಂದು ಕೊಳವೆ ತೆಗೆದರೆ ಸಾಕು, ಉಳಿದವು ಅಲುಗಾಡುವುದಿಲ್ಲ. ಗೋಣಿಕೊಪ್ಪಲಿನಂಥ ದೂರದ ಶಿಬಿರಗಳಿಗೆ ಕೊಂಡೊಯ್ಯಲು ರಕ್ತವನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಸಣ್ಣ ಸೆಂಟ್ರಿಫ್ಯೂಜ್ ಒಂದನ್ನು ನಾವು ಕೇಳಿದ ಎರಡನೇ ತಿಂಗಳಿಗೇ ಕಳುಹಿಸಿಕೊಟ್ಟರು. ಈಗ ರಕ್ತವನ್ನು ಅಲ್ಲೇ ಬೇರ್ಪಡಿಸಿ, ಪ್ಲಾಸ್ಮಾವನ್ನು ಮಾತ್ರ ಮಂಜುಗಡ್ಡೆಯ ಮೇಲೆ ತರುತ್ತೇವೆ. ಇದಕ್ಕಾಗಿ ಅವರಿಗೆ ನಾನು ಋಣಿ.

ಆದರೆ ಚೀಟಿಗಳು. ಮೊದಲ ವರ್ಷ ಅವರು ಕೊಟ್ಟ ಬಾರ್‌ಕೋಡ್ ಚೀಟಿಗಳು ಅತಿ ಶೀತಕ್ಕೆಂದೇ ತಯಾರಾದವು ಎನ್ನುವುದರಲ್ಲಿ ಅನುಮಾನವಿಲ್ಲ, ಏಕೆಂದರೆ ಬೇಸಿಗೆಯಲ್ಲಿ ಅಂಟಿಸಿದ ಒಂದೂ ಇಂದಿಗೂ ಕಿತ್ತುಬಂದಿಲ್ಲ. ಜೂನ್ ಬಂದ ಮೇಲೆ ಕಥೆ ಬೇರೆಯಾಯಿತು. ಮಡಿಕೇರಿಯ ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಕಾಗದ ಮೆತ್ತಗಾಗುತ್ತದೆ, ಕಪಾಟಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ತಂಪು ಕೊಳವೆಯನ್ನು ಹೊರಗೆ ತೆಗೆದ ಅರ್ಧ ನಿಮಿಷದಲ್ಲಿ ಅದರ ಮೈಮೇಲೆ ಇಬ್ಬನಿ ಕೂರುತ್ತದೆ. ಆ ಇಬ್ಬನಿಯ ಮೇಲೆ ಅಂಟಿಸಿದ ಚೀಟಿ ಫ್ರೀಜರ್ ಒಳಗೆ ಹೋದ ಮೇಲೆ ಒಂದು ಅಂಚಿನಿಂದ ಒಣ ಎಲೆಯಂತೆ ಸುರುಳಿ ಸುತ್ತಿಕೊಳ್ಳಲು ಶುರುಮಾಡುತ್ತದೆ. 9 ಸಾಲು, 9 ಮನೆ, ಒಟ್ಟು 81 ಕೊಳವೆಗಳ ಒಂದು ಪೆಟ್ಟಿಗೆಯನ್ನು ಜುಲೈಯಲ್ಲಿ ತೆರೆದಾಗ, ತಳದಲ್ಲಿ ಮೂರು ಚೀಟಿಗಳು ಹಿಮದ ಪುಡಿಯ ನಡುವೆ ಬಿದ್ದಿದ್ದವು. ಯಾವ ಮನೆಯಲ್ಲಿ ಯಾರ ಕೊಳವೆ ಇದೆ ಎಂದು ನಮ್ಮ ಹುಡುಗಿಯರು ಕೈಬರಹದ ಪುಸ್ತಕದಲ್ಲಿಯೂ ಬರೆದಿಟ್ಟಿದ್ದರಿಂದ ಮೂವರು ದಾನಿಗಳ ರಕ್ತ ಅನಾಮಧೇಯವಾಗುವುದು ತಪ್ಪಿತು. ಸಂಸ್ಥೆಗೆ ಚಿತ್ರಸಮೇತ ಬರೆದಾಗ, ಕೊಳವೆ ಒಣಗಿರುವಾಗಲೇ, ಅಂದರೆ ಮಾದರಿ ತುಂಬುವ ಹಿಂದಿನ ದಿನವೇ, ಚೀಟಿ ಅಂಟಿಸಿಡಿ ಎಂಬ ಸಲಹೆ ಬಂತು. ಸಲಹೆ ಸರಿಯಾದದ್ದೇ. ಮರುವರ್ಷದಿಂದ ಚೀಟಿಯ ಬದಲು ಸಂಕೇತವನ್ನು ಗಾಜಿನ ಮೇಲಿನ ಗೀರಿನಂತೆ ಕೊಳವೆಯ ಮೈಮೇಲೇ ಅಚ್ಚುಮಾಡಿದ ಕೊಳವೆಗಳನ್ನೂ ಕಳುಹಿಸುತ್ತಿದ್ದಾರೆ. ಕೈಬರಹದ ಪುಸ್ತಕವನ್ನು ಮಾತ್ರ ನಾನು ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ.

ಫ್ರೀಜರ್ ಗಟ್ಟಿಯಾಗಿದೆ. ದಿನಕ್ಕೆ ಒಂದು ಮನೆ ಉರಿಸುವುದಕ್ಕಿಂತ ಹೆಚ್ಚು ಕರೆಂಟ್ ತಿನ್ನುತ್ತದೆ, ಕೋಣೆಯನ್ನು ಬಿಸಿಮಾಡುತ್ತದೆ, ಮಳೆಗಾಲದಲ್ಲಿ ಬಾಗಿಲಿನ ರಬ್ಬರ್ ಪಟ್ಟಿಗೆ ಹಿಮ ಕಟ್ಟುವುದರಿಂದ ವಾರಕ್ಕೊಮ್ಮೆ ಒರೆಸಲೇಬೇಕು. ಇಷ್ಟನ್ನು ಯಾವ ಕಂಪನಿಯ ಫ್ರೀಜರ್ ಆದರೂ ಕೇಳುತ್ತದೆ. ಸಾಮಾನ್ಯ ಮೈನಸ್ 20 ಡಿಗ್ರಿಯ ಫ್ರೀಜರ್ ಸಾಲದೇ ಎಂದು ಆಡಳಿತದವರು ಆರಂಭದಲ್ಲಿ ಕೇಳಿದ್ದರು. ಮೈನಸ್ 20ರಲ್ಲಿ ಇಟ್ಟ ಮೂತ್ರದಲ್ಲಿ ಅಲ್ಬುಮಿನ್ ಪ್ರೋಟೀನ್ ತಿಂಗಳುಗಳು ಕಳೆದಂತೆ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಮೂತ್ರಪಿಂಡದ ಅಧ್ಯಯನಕ್ಕೆ ಅಲ್ಬುಮಿನ್ನೇ ಆಧಾರವಾಗಿರುವಾಗ ಅಲ್ಲಿ ಉಳಿಸುವ ಹಣಕ್ಕೆ ಅರ್ಥವಿಲ್ಲ.

ನಿಜವಾದ ಪರೀಕ್ಷೆ ನಡೆದದ್ದು ಮೊದಲ ಮಳೆಗಾಲದ ಒಂದು ರಾತ್ರಿ. ಗಾಳಿಗೆ ಮರ ಬಿದ್ದು ಲೈನ್ ಹೋಯಿತು. ನಮ್ಮ ಜನರೇಟರ್ ತಾನಾಗಿ ಚಾಲೂ ಆಗಬೇಕಿತ್ತು, ಆಗಲಿಲ್ಲ. ತಾಪಮಾನ ಮೈನಸ್ 70 ದಾಟಿ ಮೇಲೇರಿದರೆ ಸಂಸ್ಥೆಯ ಬೆಂಗಳೂರು ಕಚೇರಿಗೂ ನನ್ನ ಮೊಬೈಲಿಗೂ ಸಂದೇಶ ಬರುವ ವ್ಯವಸ್ಥೆ ಇದೆ ಎಂದು ಒಪ್ಪಂದದಲ್ಲಿದೆ. ಆದರೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿನಲ್ಲಿ ಮೊಬೈಲ್ ಟವರೂ ಸತ್ತುಹೋಗುವ ಊರು ನಮ್ಮದು. ಒಂದು ಸಂದೇಶವೂ ಹೊರಡಲಿಲ್ಲ. ಫ್ರೀಜರ್‌ನ ಬ್ಯಾಟರಿ ಗಂಟೆ ಬಡಿದುಕೊಳ್ಳುವುದನ್ನು ಕೇಳಿದ ರಾತ್ರಿ ಕಾವಲಿನವರು ಮಳೆಯಲ್ಲಿ ನೆನೆಯುತ್ತಾ ನನ್ನ ಮನೆಗೆ ಬಂದು ಬಾಗಿಲು ತಟ್ಟಿದರು. ನಾವಿಬ್ಬರೂ ಸೇರಿ ಜನರೇಟರನ್ನು ಕೈಯಿಂದಲೇ ಚಾಲೂ ಮಾಡುವ ಹೊತ್ತಿಗೆ ಮೀಟರ್ ಮೈನಸ್ 61 ತೋರಿಸುತ್ತಿತ್ತು. ಫ್ರೀಜರ್ ತುಂಬಿತ್ತು, ಬಾಗಿಲನ್ನು ಯಾರೂ ತೆರೆದಿರಲಿಲ್ಲ. ಹಾಗಾಗಿ ಅದು ಅಷ್ಟು ನಿಧಾನವಾಗಿ ಏರಿತು. ಖಾಲಿ ಜಾಗವಿದ್ದಿದ್ದರೆ ಇನ್ನೂ ಬೇಗ ಏರುತ್ತಿತ್ತು, ಆದ್ದರಿಂದ ಈಗ ಖಾಲಿ ಕಪಾಟುಗಳಲ್ಲಿ ನೀರು ತುಂಬಿದ ಡಬ್ಬಿಗಳನ್ನು ಹೆಪ್ಪುಗಟ್ಟಿಸಿ ಇಡುತ್ತೇವೆ.

ಸಂಸ್ಥೆಯಿಂದ ಕರೆ ಬಂದದ್ದು ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ. ಇದನ್ನು ನಾನು ಕೋಪದಿಂದ ಬರೆಯುತ್ತಿಲ್ಲ, ಆತಂಕದಿಂದ ಬರೆಯುತ್ತಿದ್ದೇನೆ. 2012ರಲ್ಲಿ ಅಮೆರಿಕದ ಬೋಸ್ಟನ್ ಸಮೀಪದ ಹೆಸರಾಂತ ಮೆದುಳು ಬ್ಯಾಂಕ್ ಒಂದರಲ್ಲಿ ಫ್ರೀಜರ್ ಕೆಟ್ಟು ಸುಮಾರು 150 ದಾನದ ಮೆದುಳುಗಳು ಕರಗಿಹೋದವು. ಅವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಆಟಿಸಂ ಸಂಶೋಧನೆಗೆಂದು ಕುಟುಂಬಗಳು ಕೊಟ್ಟವು. ಅಲ್ಲಿ ಒಂದಲ್ಲ ಎರಡು ಅಲಾರಂಗಳಿದ್ದವು, ಎರಡೂ ಬಡಿಯಲಿಲ್ಲ; ಒಳಗೆಲ್ಲ ಕರಗುತ್ತಿದ್ದಾಗ ಹೊರಗಿನ ಫಲಕ ಮೈನಸ್ 79 ಎಂದೇ ತೋರಿಸುತ್ತಿತ್ತು. ಅಷ್ಟು ಅನುಕೂಲವಿದ್ದಲ್ಲೇ ಹಾಗಾಗಬಹುದಾದರೆ, ಟವರ್ ನಂಬಿ ಕೂರುವುದು ಕೊಡಗಿಗೆ ಆಗುವ ಮಾತಲ್ಲ. ಎಂಟು ತಿಂಗಳ ಪತ್ರವ್ಯವಹಾರದ ನಂತರ ಸಂಸ್ಥೆ ಸ್ಥಿರ ದೂರವಾಣಿಯ ಮೂಲಕ ಎಚ್ಚರಿಸುವ ಪೆಟ್ಟಿಗೆಯೊಂದನ್ನು ಅಳವಡಿಸಿದೆ, ಮತ್ತು ಪ್ರತಿ ದಾನಿಯ ಕೊಳವೆಗಳಲ್ಲಿ ಅರ್ಧವನ್ನು ತಿಂಗಳೊಳಗೆ ಬೆಂಗಳೂರಿಗೆ ಸಾಗಿಸಿ ಎರಡು ಕಡೆ ಇಡುವುದಕ್ಕೆ ಒಪ್ಪಿದೆ. 5 ಲಕ್ಷ ಜನರ ಮಾದರಿಗಳಿರುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಆರಂಭದಿಂದಲೂ ಎರಡು ಬೇರೆ ಜಾಗಗಳಲ್ಲಿ ಮಾದರಿ ಹಂಚಿಡುತ್ತಾ ಬಂದಿದೆ. ಇಂಥದ್ದು ನಾವು ಕೇಳಿ ಪಡೆಯಬೇಕಾದ ಸೌಲಭ್ಯವಾಗಬಾರದು, ಒಪ್ಪಂದದ ಮೊದಲ ಪುಟದಲ್ಲೇ ಇರಬೇಕು.

ಸಾಗಣೆಯ ಬಗ್ಗೆ ಎರಡೇ ಮಾತು. ರೈಲಾಗಲಿ ವಿಮಾನ ನಿಲ್ದಾಣವಾಗಲಿ ಇಲ್ಲದ ಜಿಲ್ಲೆಯಿಂದ ಕುಶಾಲನಗರ, ಹುಣಸೂರು, ಮೈಸೂರು ದಾಟಿ ರಸ್ತೆಯಲ್ಲೇ ಹೋಗಬೇಕು. ಈ ಎರಡು ವರ್ಷಗಳಲ್ಲಿ ಒಂದು ಪೆಟ್ಟಿಗೆಯೂ ಡ್ರೈ ಐಸ್ ಮುಗಿದು ಬೆಂಗಳೂರು ತಲುಪಿಲ್ಲ, ದಾರಿಯುದ್ದದ ತಾಪಮಾನದ ದಾಖಲೆಯನ್ನು ಕೇಳದೆಯೇ ಕಳುಹಿಸುತ್ತಾರೆ. ಆದರೆ ಡ್ರೈ ಐಸ್ ಎಂದರೆ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿಯಲ್ಲಿ ನೀರಾಗದೆ ನೇರವಾಗಿ ಅನಿಲವಾಗುತ್ತದೆ, ಮುಚ್ಚಿದ ವಾಹನದಲ್ಲಿ ತುಂಬಿಕೊಂಡರೆ ಉಸಿರು ಕಟ್ಟಿಸುತ್ತದೆ. ಪೆಟ್ಟಿಗೆಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಷ್ಟೇ ಇತ್ತು, ಮಳೆಗೆ ಚಾಲಕರು ಎಲ್ಲ ಗಾಜು ಏರಿಸಿಕೊಂಡು ಹೊರಟಿದ್ದರು. ಅಂದು ನಾನು ಗೇಟಿನ ಬಳಿ ನಿಲ್ಲಿಸಿ ಹೇಳಿದೆ. ಈಗ ಕನ್ನಡದ ಚೀಟಿಯನ್ನು ನಾವೇ ಬರೆದು ಅಂಟಿಸುತ್ತೇವೆ.

ಸಾಫ್ಟ್‌ವೇರ್‌ನ ವಿಷಯಕ್ಕೆ ಬಂದರೆ ನನಗೆ ಹೇಳಲು ಬಹಳ ಇದೆ. ರಕ್ತ ತೆಗೆದ ಸಮಯ, ಸೆಂಟ್ರಿಫ್ಯೂಜ್‌ಗೆ ಹಾಕಿದ ಸಮಯ, ಫ್ರೀಜರ್ ಒಳಗೆ ಹೋದ ಸಮಯ ಇವುಗಳಿಗೆ ಕಾಲಂ ಇದೆ. ಸೀರಮ್‌ನಲ್ಲಿ ಕೆಂಪು ಛಾಯೆ ಇದ್ದರೆ ಗುರುತಿಸಲು ಬಣ್ಣದ ಪಟ್ಟಿಯೂ ಇದೆ. ದಾನಿ ಹಿಂದಿನ ದಿನ ಏನು ತಿಂದರು ಎಂಬುದಕ್ಕೆ ಮಾತ್ರ ಜಾಗವಿಲ್ಲ. ಇದರ ಪರಿಣಾಮ ಕಂಡದ್ದು ಆಗಸ್ಟ್ 4ರ ನಾಪೋಕ್ಲು ಶಿಬಿರದಲ್ಲಿ. ಕೊಡಗಿನವರಿಗೆ ತಾರೀಕು ಹೇಳಿದರೆ ಸಾಕು. ಹಿಂದಿನ ದಿನ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆಯಿಂದ ಮನೆಮನೆಯಲ್ಲೂ ಅದರ ಕಡುನೇರಳೆ ರಸದ ಪಾಯಸ ಮಾಡುವ ದಿನ. ಆ ಪಾಯಸ ಉಂಡವರ ಮೂತ್ರ ಕೆಂಪಗಾಗುತ್ತದೆ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಅಂದು ಸಾಲಾಗಿ ಇಟ್ಟ ಡಬ್ಬಿಗಳಲ್ಲಿ ತಿಳಿ ಗುಲಾಬಿಯಿಂದ ಹಿಡಿದು ದಾಸವಾಳದ ಬಣ್ಣದವರೆಗೆ ಎಲ್ಲ ಛಾಯೆಗಳೂ ಇದ್ದವು. ನಾವು ಮೂತ್ರದಲ್ಲಿ ರಕ್ತವಿದೆಯೇ ಎಂದು ತೋರಿಸುವ ಪರೀಕ್ಷಾ ಕಡ್ಡಿ ಅದ್ದಿ ನೋಡಿದೆವು, ರಕ್ತವಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಆ ಮಾದರಿಗಳ ಮೇಲೆಲ್ಲ ‘ರಕ್ತ ಬೆರೆತಿದೆ’ ಎಂದು ಗುರುತು ಬಿತ್ತು, ತಿರಸ್ಕರಿಸುವ ಪಟ್ಟಿಗೆ ಸೇರಿದವು. ನಾನು ಫೋನು ಮಾಡಿ ವಿವರಿಸಿದಾಗ ಆ ಕಡೆಯ ಯುವಕ ಬಹಳ ಗೌರವದಿಂದಲೇ ಕೇಳಿಸಿಕೊಂಡರು, ಕೊನೆಗೆ ‘ಮೇಡಂ, ಅದನ್ನು ಬರೆಯೋಕೆ ಸಿಸ್ಟಮ್‌ನಲ್ಲಿ ಆಪ್ಷನ್ ಇಲ್ಲ’ ಎಂದರು.

ಬಣ್ಣದ ಬದಲಾವಣೆಯನ್ನು ಅಳೆದು ಫಲಿತಾಂಶ ಹೇಳುವ ಪರೀಕ್ಷೆಗಳು ಎಷ್ಟೋ ಇವೆ. ಸೊಪ್ಪಿನ ಬಣ್ಣ ಅವುಗಳನ್ನು ದಾರಿ ತಪ್ಪಿಸಬಹುದು ಎಂಬ ಅವರ ಎಚ್ಚರಿಕೆ ತಪ್ಪಲ್ಲ. ತಪ್ಪಿರುವುದು ಕಾರಣ ಬರೆಯದೆ, ಅಥವಾ ಸುಳ್ಳು ಕಾರಣ ಬರೆದು ಇಡುವುದರಲ್ಲಿ. ರಕ್ತ ಬೆರೆತಿದೆ ಎಂಬ ಗುರುತು ಹಾಗೇ ಉಳಿದಿದ್ದರೆ, ಮುಂದೊಂದು ದಿನ ಯಾರಾದರೂ ಪಟ್ಟಿ ತೆರೆದು ನಾಪೋಕ್ಲಿನ ಒಂದು ಊರಿಗೆ ಊರೇ ಮೂತ್ರಪಿಂಡದ ಕಾಯಿಲೆಯಲ್ಲಿದೆ ಎಂದು ಓದಿಕೊಳ್ಳುತ್ತಿದ್ದರು. ಈಗ ‘ಇತರೆ’ ಎಂಬ ಒಂದು ಕಾಲಂ ಸೇರಿಸಿದ್ದಾರೆ, ಅಕ್ಷರಗಳ ಮಿತಿ ಇದೆ, ಕನ್ನಡ ಹಿಡಿಸುವುದಿಲ್ಲ. ಕಕ್ಕಡದ ಆ ವಾರದಲ್ಲಿ ನಾವು ಶಿಬಿರವನ್ನೇ ಇಟ್ಟುಕೊಳ್ಳುತ್ತಿಲ್ಲ.

ಒಪ್ಪಿಗೆ ಪತ್ರದ ಬಗ್ಗೆ ನನ್ನ ಮನಸ್ಸು ಇನ್ನೂ ನೆಮ್ಮದಿಯಾಗಿಲ್ಲ. ಕನ್ನಡದಲ್ಲಿದೆ, ಅಕ್ಷರ ದೊಡ್ಡದಾಗಿದೆ, ನಮ್ಮ ನೈತಿಕ ಸಮಿತಿ ಒಪ್ಪಿದೆ. ಆದರೆ ‘ಮುಂದಿನ ಯಾವುದೇ ಆರೋಗ್ಯ ಸಂಬಂಧಿ ಸಂಶೋಧನೆಗೆ’ ಎಂಬ ಒಂದು ಸಾಲಿನಲ್ಲಿ ಎಲ್ಲವನ್ನೂ ಕಟ್ಟಿಹಾಕಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಮಾದರಿ ದಾನಿಯದ್ದೇ, ಇಟ್ಟುಕೊಂಡವರು ಅದರ ಪಾಲಕರು ಮಾತ್ರ. ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂದು ಹಂತಹಂತವಾಗಿ ಕೇಳುವ ಕ್ರಮವನ್ನೂ ಅದು ವಿವರಿಸುತ್ತದೆ. ಕೊಡಗಿನಲ್ಲಿ ಇದು ಬರೀ ಕಾಗದದ ಮಾತಲ್ಲ. ಕೊಡವರು, ಅರೆಭಾಷೆ ಗೌಡರು, ಯರವರು, ಜೇನು ಕುರುಬರು ಎಲ್ಲವೂ ಸಣ್ಣ ಸಣ್ಣ ಸಮುದಾಯಗಳು. ದಾನಿಯ ಹೆಸರು ಅಳಿಸಿದರೂ ಊರು ಮತ್ತು ಸಮುದಾಯ ಉಳಿದರೆ ಯಾರೆಂದು ಊಹಿಸುವುದು ಕಷ್ಟವೇನಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ವಾಸಿಸುವ ಹವಾಸುಪೈ ಎಂಬ ಪುಟ್ಟ ಬುಡಕಟ್ಟಿನ ಜನ 1990ರ ದಶಕದಲ್ಲಿ ರಕ್ತ ಕೊಟ್ಟದ್ದೂ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೇ. ಅದೇ ರಕ್ತವನ್ನು ಮಾನಸಿಕ ಕಾಯಿಲೆ, ರಕ್ತಸಂಬಂಧದೊಳಗಿನ ಮದುವೆ, ಅವರ ಪೂರ್ವಜರು ಎಲ್ಲಿಂದ ಬಂದರು ಎಂಬ ವಿಷಯಗಳಿಗೂ ಬಳಸಿದ್ದು ತಿಳಿದಾಗ ಅವರು ನ್ಯಾಯಾಲಯಕ್ಕೆ ಹೋದರು; 2010ರಲ್ಲಿ ಆ ಅಧ್ಯಯನ ನಡೆಸಿದ್ದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತವನ್ನು ಹಿಂದಿರುಗಿಸಿತು. ತಾವು ಆ ಕಣಿವೆಯಲ್ಲೇ ಹುಟ್ಟಿದವರೆಂದು ನಂಬಿದ ಜನರಿಗೆ ತಮ್ಮದೇ ರಕ್ತದಿಂದ ಬೇರೆ ಕಥೆ ಹೇಳಿಸಿದ್ದು ಹಣದಿಂದ ತುಂಬುವ ನೋವಲ್ಲ. ಹಾಗಾಗಿ ನಮ್ಮಲ್ಲಿ ಸಹಿ ಹಾಕಿಸುವ ಮೊದಲು ಆ ಒಂದು ಸಾಲನ್ನು ನಾನೇ ಬಿಡಿಸಿ ಹೇಳುತ್ತೇನೆ, ವಂಶವಾಹಿಯ ಪರೀಕ್ಷೆಗೆ ಒಪ್ಪಿಗೆಯೇ ಎಂದು ಪ್ರತ್ಯೇಕವಾಗಿ ಕೇಳಿ ಪುಸ್ತಕದಲ್ಲಿ ಗುರುತಿಸುತ್ತೇನೆ. ಪಾಲಿಬೆಟ್ಟದ ಕಡೆಯ ತೋಟವೊಂದರ ಲೈನ್ ಮನೆಯಿಂದ ಬಂದ ಅಜ್ಜಿಯೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, ‘ನಾನು ಹೋದ ಮೇಲೂ ನನ್ನ ರಕ್ತ ನಿಮ್ಮ ಐಸ್ ಪೆಟ್ಟಿಗೇಲಿ ಇರ್ತದಾ ಮಗಳೇ? ಆಗ ಯಾರನ್ನ ಕೇಳ್ತೀರಿ?’ ಎಂದರು. ಪತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವರ ಮಗನ ಹೆಸರನ್ನು ಅಂಚಿನಲ್ಲಿ ಬರೆದುಕೊಂಡೆ.

ಶುಲ್ಕ ಸಣ್ಣ ಆಸ್ಪತ್ರೆಗೆ ಭಾರವೇ. ಸಾಗಣೆಯ ಖರ್ಚನ್ನು ಮೊದಲೇ ಪ್ರತ್ಯೇಕವಾಗಿ ಬರೆಸಿಕೊಳ್ಳದಿದ್ದರೆ ಮಳೆಗಾಲದಲ್ಲಿ ಬಿಲ್ಲು ನೋಡಿ ಗಾಬರಿಯಾಗಬೇಕಾಗುತ್ತದೆ.

ಮಾದರಿ ಹಿಂಪಡೆಯುವ ಹಕ್ಕು ಎಷ್ಟರಮಟ್ಟಿಗೆ ನಡೆಯುತ್ತದೆ ಎಂದು ತಿಳಿಯುವ ಸಂದರ್ಭ ಈ ವರ್ಷ ಬಂತು. ದಾನಿಯೊಬ್ಬರು ಬಂದು, ಕಾರಣ ಹೇಳದೆ, ತಮ್ಮ ರಕ್ತ ಇನ್ನು ಇಡುವುದು ಬೇಡ ಎಂದರು. ಕಾರಣ ಹೇಳಬೇಕಾಗಿಯೂ ಇಲ್ಲ. ಅದೇ ದಿನ ಸಂಸ್ಥೆಗೆ ಬರೆದೆ. ನಮ್ಮ ಫ್ರೀಜರ್‌ನಲ್ಲಿದ್ದ ಆರು ಕೊಳವೆಗಳನ್ನು ಆ ದಾನಿಯ ಎದುರಿನಲ್ಲೇ ತೆಗೆದು, ಆಸ್ಪತ್ರೆ ತ್ಯಾಜ್ಯದ ನಿಯಮದಂತೆ ಹಳದಿ ಚೀಲಕ್ಕೆ ಹಾಕಿ ಸಹಿ ಮಾಡಿದೆವು. ಬೆಂಗಳೂರಿನಿಂದ ನಾಶದ ಪ್ರಮಾಣಪತ್ರ ಬರಲು ಏಳು ವಾರ ಹಿಡಿಯಿತು. ಅದರಲ್ಲಿ ಐದು ಕೊಳವೆಗಳ ಸಂಕೇತಗಳಿವೆ. ನಮ್ಮ ಕೈಬರಹದ ಪುಸ್ತಕದ ಪ್ರಕಾರ ಅಲ್ಲಿಗೆ ಹೋದವು ಆರು. ಆರನೆಯದು ಪರೀಕ್ಷೆಗೆ ಬಳಕೆಯಾಗಿದೆಯೇ, ಬೇರೆ ಸಂಶೋಧಕರಿಗೆ ಹೋಗಿದೆಯೇ, ಇನ್ನೂ ಯಾವುದೋ ಪೆಟ್ಟಿಗೆಯ ಮನೆಯಲ್ಲಿ ಕುಳಿತಿದೆಯೇ ಎಂದು ಕೇಳಿ ಎರಡು ಪತ್ರ ಬರೆದಿದ್ದೇನೆ. ಒಪ್ಪಂದ ನವೀಕರಿಸುವ ಕಾಗದ ನನ್ನ ಮೇಜಿನ ಮೇಲಿದೆ, ಆಡಳಿತದವರು ಒಂದು ವರ್ಷಕ್ಕೆ ಮಾತ್ರ ಒಪ್ಪಿದ್ದಾರೆ. ಆ ಕೊಳವೆಯ ಉತ್ತರ ಬರುವವರೆಗೆ ನನ್ನ ಸಹಿ ಹಾಕುವುದಿಲ್ಲ ಎಂದು ಅವರಿಗೂ ಸಂಸ್ಥೆಗೂ ತಿಳಿಸಿದ್ದೇನೆ.